ಗೋಡೆಯಾಚೆಯ ಉಸಿರು

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಮಿ ನಡುಗಿತು. ಚೌತಾರಾ ಎಂಬ ಊರಿನಲ್ಲಿ ಕುಸಿದ ಕಟ್ಟಡಗಳಡಿ ನಾಲ್ವರು ಗಂಡಸರು ಹಲವು ದಿನ ಸಿಲುಕಿದ್ದರು. ಮೇಲೆ ಸುಮಾರು 10 ಅಡಿ ಇಟ್ಟಿಗೆ, ಮಣ್ಣು. ಅಮೆರಿಕದ ನಾಸಾ ವಿಜ್ಞಾನಿಗಳು ರೂಪಿಸಿದ್ದ ‘ಫೈಂಡರ್’ ಎಂಬ ಸಣ್ಣ ರೇಡಾರ್ ಆ ರಾಶಿಯೊಳಗಿನ ಹೃದಯ ಬಡಿತವನ್ನು ಗುರುತಿಸಿತು. ನಾಲ್ವರೂ ಜೀವಸಹಿತ ಹೊರಬಂದರು.

ರೇಡಾರ್ ಎಂದರೆ ವಿಮಾನಗಳನ್ನು ಹುಡುಕುವ ದೊಡ್ಡ ಯಂತ್ರವೆಂದೇ ನಾವು ತಿಳಿದಿದ್ದೇವೆ. ಇದು ಹತ್ತಿರದ ಮನುಷ್ಯರನ್ನು ಹುಡುಕುವಂಥದು. ಅದು ಹೊರಬಿಡುವ ಕ್ಷೀಣ ರೇಡಿಯೋ ಅಲೆ ಇಟ್ಟಿಗೆಯನ್ನೂ ಮರವನ್ನೂ ದಾಟಿ, ಮನುಷ್ಯನ ಮೈಗೆ ತಾಗಿ ಮರಳುತ್ತದೆ. ಉಸಿರಾಡುವಾಗ ಎದೆ ಏರಿಳಿಯುವುದು ಕೆಲವೇ ಮಿಲಿಮೀಟರ್; ಅಷ್ಟೂ ಸಹ ಮರಳಿದ ಅಲೆಯಲ್ಲಿ ಗೊತ್ತಾಗುತ್ತದೆ. ನಡೆದಾಡುವವರಾದರೆ ಎಷ್ಟು ದೂರದಲ್ಲಿ, ಎತ್ತ ಹೋಗುತ್ತಿದ್ದಾರೆಂಬುದೂ ತಿಳಿಯುತ್ತದೆ. ಕತ್ತಲೆ, ಹೊಗೆ ಇದಕ್ಕೆ ಅಡ್ಡಿಯಲ್ಲ.

ಅದೇ ವರ್ಷದ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಒಳಗೆ ಜನರಿದ್ದಾರೆಯೇ ಎಂದು ತಿಳಿಯಲು ಅಮೆರಿಕದ ಪೊಲೀಸರು ಇಂಥದೇ ಕೈ ರೇಡಾರನ್ನು ಮನೆಗಳ ಗೋಡೆಗೆ ಹಿಡಿಯುತ್ತಿದ್ದರು. ಜೀವ ಉಳಿಸಬಲ್ಲ ಅಲೆಯೇ ಇಲ್ಲಿ ಕಳ್ಳಗಣ್ಣಾಗಿತ್ತು; ಅಲ್ಲಿ ಹಲವರು ಆಕ್ಷೇಪಿಸಿದರು. ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಸಾರಿದ್ದು 2017ರಲ್ಲಿ. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇದು ಪೊಲೀಸರ ವಿಷಯ, ನಮಗೇನು ಎನ್ನಬೇಡಿ. ವೃದ್ಧರು ಬಿದ್ದರೆ ದೂರದ ಮಕ್ಕಳಿಗೆ ತಿಳಿಸುವ ರೇಡಾರ್ ಈಗ ಮನೆಗಳಿಗೇ ಬಂದಿದೆ. ಕ್ಯಾಮೆರಾ ಅಲ್ಲ, ಚಿತ್ರ ಬೀಳುವುದಿಲ್ಲ. ಇನ್ನೇನು ಮುಜುಗರ ಎಂದು ಮಕ್ಕಳು ಕೇಳುತ್ತಾರೆ. ಆದರೆ ಅಮ್ಮ ರಾತ್ರಿ ಎಷ್ಟು ಸಲ ಎದ್ದಳು, ಕೋಣೆಯ ಬಾಗಿಲು ಮುಚ್ಚಿ ಎಷ್ಟು ಹೊತ್ತು ಕೂತಿದ್ದಳು ಎಂಬ ಲೆಕ್ಕವನ್ನೂ ಇಂಥ ಯಂತ್ರ ಇಡಬಲ್ಲದು. ಆಕೆ ಪ್ರಾರ್ಥಿಸುತ್ತಿರಬಹುದು, ಅಳುತ್ತಿರಬಹುದು. ಚಿತ್ರವಿಲ್ಲದಿದ್ದರೂ ಅದು ಆಕೆಯ ಗುಟ್ಟೇ.

ಉದ್ದೇಶ ಒಳ್ಳೆಯದಿದ್ದರೆ ಸಾಲದು. ಪೊಲೀಸರ ಉದ್ದೇಶವೂ ಒಳ್ಳೆಯದೇ ಇದ್ದೀತು. ಮಣ್ಣಿನಡಿಯಲ್ಲಿದ್ದವನು ಯಾರಾದರೂ ತನ್ನನ್ನು ಕಂಡುಹಿಡಿಯಲೆಂದು ಹಂಬಲಿಸುತ್ತಿದ್ದ. ಅಮ್ಮ ಹಾಗೆ ಹಂಬಲಿಸುತ್ತಿದ್ದಾಳೆಯೇ? ಆಕೆಯನ್ನೇ ಕೇಳಬೇಕು. ಬೇಡವೆಂದರೆ ಒಪ್ಪಬೇಕು. ನೆನಪು ಮಾಸಿ ಉತ್ತರಿಸಲಾರದ ತಾಯಿಯಾದರೆ? ಆಗ ಬಿದ್ದ ಸುದ್ದಿಯಷ್ಟೇ ನಮಗೆ ಸಾಕು. ಉಳಿದ ಲೆಕ್ಕ ನಮ್ಮ ಕುತೂಹಲಕ್ಕೆ, ಆಕೆಯ ರಕ್ಷಣೆಗಲ್ಲ.

ಇನ್ನೊಂದು ಮಾತು. ಚೌತಾರಾದಲ್ಲಿ ರೇಡಾರ್ ಯಾರನ್ನೂ ಮೇಲೆತ್ತಲಿಲ್ಲ. ಇಲ್ಲಿ ಜೀವವಿದೆ ಎಂದು ತೋರಿಸಿತು, ಅಷ್ಟೆ. ಅಗೆದು ಹೊರತೆಗೆದದ್ದು ಮನುಷ್ಯರ ಕೈಗಳು. ಅಮ್ಮ ಉಸಿರಾಡುತ್ತಿದ್ದಾಳೆಂದು ದೂರದ ಫೋನಿನಲ್ಲಿ ನೋಡಿ ನೆಮ್ಮದಿಯಿಂದ ಮಲಗುವ ನಾವು, ಆಕೆಯ ಬಾಗಿಲು ತಟ್ಟಿ ಎಷ್ಟು ದಿನವಾಯಿತು?