ಅನ್ಯರ ಅಳಲು, ನಮ್ಮ ಆನಂದ

ಇನ್ನೊಬ್ಬರ ನೋವಿನಿಂದ ಹುಟ್ಟಿದ ಹಾಡನ್ನು ಕೇಳಿ ನಾವು ಸುಖಿಸುವುದು ಸರಿಯೇ? ಸುಖಿಸಿದ ಮೇಲೆ ‘ನೀವೂ ಕೇಳಿ’ ಎಂದು ಮತ್ತೊಬ್ಬರಿಗೆ ಅದನ್ನು ಒಪ್ಪಿಸುವುದು ಸರಿಯೇ? ಬಹುಕಾಲದಿಂದ ಗಿಟಾರ್ ಕಚೇರಿಗಳ ಧ್ವನಿಮುದ್ರಿಕೆಗಳನ್ನು ಕೇಳುತ್ತ, ಸಿಕ್ಕವರಿಗೆಲ್ಲ ಕೇಳಿಸುತ್ತ ಬಂದಿರುವ ನನ್ನನ್ನು ಈ ಪ್ರಶ್ನೆ ಕಾಡಿದೆ.

ಮೊದಲ ಪ್ರಶ್ನೆಗೆ ನಮ್ಮ ಆಲಂಕಾರಿಕರಲ್ಲಿ ಉತ್ತರವಿದೆ. ಕಾವ್ಯದಲ್ಲಿ ಶೋಕವು ಯಾರೊಬ್ಬರ ಸ್ವತ್ತಾಗಿಯೂ ಉಳಿಯದು. ಸಾಧಾರಣೀಕರಣ ಹೊಂದಿ ಎಲ್ಲರ ಆಸ್ವಾದಕ್ಕೆ ಒದಗುತ್ತದೆ ಎಂಬುದು ಭಟ್ಟನಾಯಕನ ವಿಚಾರ. ಆದರೆ ಸೀತೆಯ ಶೋಕ ನಮಗೆ ಒದಗುವುದು ಕಾವ್ಯದ ಮೂಲಕ. ಬ್ಲೂಸ್ ಗಾಯನದ ಶೋಕವಾದರೋ ಅದನ್ನು ಬಾಳಿದವರ ಬಾಯಿಂದಲೇ ಬಂದದ್ದು. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಗುಲಾಮರಾಗಿದ್ದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು ಕಟ್ಟಿಕೊಂಡ ಹಾಡದು. ಬಿ.ಬಿ. ಕಿಂಗ್ 1925ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ, ಹತ್ತಿ ಬಿಡಿಸಿ, ಟ್ರ್ಯಾಕ್ಟರ್ ಓಡಿಸಿ, ಅನಂತರ ಗಾಯಕರಾದವರು. ರಾಯದುರ್ಗದ ಮನೆಯ ಜಗಲಿಯಲ್ಲಿ ಕುಳಿತು ಅದನ್ನು ಸವಿಯಲು ನನಗೇನು ಹಕ್ಕು?

ಕೆಲವು ವರ್ಷಗಳ ಹಿಂದೆ ಮಡಕಶಿರಾ ಕಡೆಯ ಗೆಳೆಯರೊಬ್ಬರು ತಂದೆಯನ್ನು ಕಳೆದುಕೊಂಡರು. ಕಾರ್ಯಗಳೆಲ್ಲ ಮುಗಿದ ಬಳಿಕ ಅವರನ್ನು ಕಾಣಲು ಹೋದ ನಾನು, ಸಮಾಧಾನವಾದೀತೆಂದು ‘ಲೈವ್ ಅಟ್ ದಿ ರೀಗಲ್’ ಕೇಳಿಸಿದೆ. 1964ರ ನವೆಂಬರ್ 21ರಂದು ಷಿಕಾಗೊ ನಗರದ ರೀಗಲ್ ರಂಗಮಂದಿರದಲ್ಲಿ ಕಿಂಗ್ ನಡೆಸಿದ ಕಚೇರಿಯ ಮುದ್ರಿಕೆ ಅದು. ಹಾಡುವಾಗ ಅವರು ಗಿಟಾರ್ ನುಡಿಸುವವರಲ್ಲ. ಕಂಠ ಒಂದು ಸಾಲು ಹೇಳಿ ನಿಂತರೆ, ‘ಲೂಸಿಲ್’ ಎಂದು ಅವರು ಹೆಸರಿಟ್ಟ ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ತಂತಿಯನ್ನು ಬೆರಳಿನಿಂದ ಪಕ್ಕಕ್ಕೆಳೆದು ಸ್ವರವನ್ನು ಬಾಗಿಸುವ ಆ ಬಗೆ, ವೀಣೆಯ ಗಮಕ ಬಲ್ಲ ಕಿವಿಗೆ ತೀರ ಹೊಸದಲ್ಲ. ಆದರೆ ಗೆಳೆಯರು ಬೇಗನೆ ಕೈಯೆತ್ತಿ ತಡೆದರು. “ಅವನು ಗೋಳು ಹೇಳಿಕೊಳ್ಳುತ್ತಿದ್ದಾನೆ, ಜನ ಕೇಕೆ ಹಾಕುತ್ತಿದ್ದಾರಲ್ಲ ಮೇಷ್ಟ್ರೇ! ಇದೆಂಥ ಕಚೇರಿ?” ನಾನು ನಾಚಿ ನಿಲ್ಲಿಸಿದೆ.

ತಿಂಗಳುಗಳ ಮೇಲೆ ಅವರೇ ಆ ಮಾತು ತೆಗೆದರು. “ಅಪ್ಪನ ಶವದ ಮುಂದೆ ಊರವರು ರಾತ್ರಿಯಿಡೀ ಭಜನೆ ಮಾಡಿದರು. ಒಬ್ಬ ಪದ ಎತ್ತಿಕೊಟ್ಟರೆ ಹತ್ತು ಜನ ತಾಳ ತಟ್ಟಿ ಮರುನುಡಿದರು. ಆ ಸದ್ದಿಲ್ಲದಿದ್ದರೆ ನಾನು ಬೆಳಗು ಕಾಣುತ್ತಿರಲಿಲ್ಲ. ನಿಮ್ಮ ಆ ಕೇಕೆಯ ಹಾಡು ಇನ್ನೊಮ್ಮೆ ಹಾಕಿ.”

ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಕಚೇರಿಯ ಮುದ್ರಿಕೆಯಲ್ಲಿ ಹಾಡಿದವನ ದನಿಯೊಂದೇ ಇರುವುದಿಲ್ಲ. ಅವನ ನೋವನ್ನು ತಮ್ಮದೆಂದು ಗುರುತಿಸಿದವರ ದನಿಯೂ ಇರುತ್ತದೆ. ರೀಗಲ್ ಇದ್ದುದು ಕಪ್ಪು ಜನರ ಬಡಾವಣೆಯಲ್ಲಿ. ದಕ್ಷಿಣದಿಂದ ವಲಸೆ ಬಂದ ಕುಟುಂಬಗಳು ನೆಲೆಸಿದ್ದ ನಗರಭಾಗವದು. ಅವರ ಕೇಕೆ ಪರಿಹಾಸ್ಯವಲ್ಲ, ಹೆಗಲುಗೊಡುವಿಕೆ. ಅಲ್ಲಿಯ ಆನಂದ ಮೊದಲು ಅವರದು. ನಾವು ತಡವಾಗಿ ಬಂದ ಅತಿಥಿಗಳು. ಅತಿಥಿಯೆಂಬ ಅರಿವಿದ್ದರೆ ಸವಿಯುವುದರಲ್ಲಿ ತಪ್ಪಿಲ್ಲ.

ಇನ್ನೊಬ್ಬರಿಗೆ ಹೇಳುವಾಗಲಂತೂ ಆ ಅರಿವು ಹೆಚ್ಚು ಬೇಕು. ಆಲ್‌ಮನ್ ಬ್ರದರ್ಸ್ ತಂಡ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ನಡೆಸಿದ ರಾಕ್ ಕಚೇರಿಗಳ ಮುದ್ರಿಕೆಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಆದರೆ ಅದರ ಮೊದಲ ಹಾಡು, ‘ಸ್ಟೇಟ್ಸ್‌ಬರೊ ಬ್ಲೂಸ್’, ಕಣ್ಣಿಲ್ಲದ ಕಪ್ಪು ಗಾಯಕ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ 1928ರಲ್ಲೇ ಮುದ್ರಿಸಿದ್ದು ಎಂದು ಹೇಳದೆ ಕೇಳಿಸಿದರೆ ಋಣ ಮರೆಮಾಚಿದಂತೆ. ಯಾರ ಹಾಡೆಂದು ಹೇಳಬೇಕು, ಕೇಳುವವರ ಹೊತ್ತು ನೋಡಬೇಕು, ಬೇಡವೆಂದರೆ ನಿಲ್ಲಿಸಬೇಕು. ಅಂದು ನಾನು ಮೊದಲ ಎರಡನ್ನೂ ಮರೆತಿದ್ದೆ.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಡಿಯಾಚೆಯಿಂದ ‘ಪಾಪ, ಅಲ್ಲಿಯೂ ಕನ್ನಡ ಉಳಿದಿದೆ’ ಎಂದು ಮೆಚ್ಚಿ ಹೋಗುವವರನ್ನು ನಾವು ಕಂಡಿದ್ದೇವೆ. ನಮ್ಮೊಡನೆ ಚಾಪೆಯ ಮೇಲೆ ಕುಳಿತು ಒಂದು ಪದಕ್ಕೆ ದನಿಗೂಡಿಸಿದವರನ್ನೂ ಕಂಡಿದ್ದೇವೆ. ನಮಗೆ ಯಾರು ಬೇಕೆಂಬುದು ನಮಗೆ ಗೊತ್ತು. ದೂರದವರ ಹಾಡಿಗೆ ನಾವು ಅಂಥವರೇ ಆಗೋಣ.