ಪರರ ಸಾಮಾನು ಮತ್ತು ಕಾಯಕಶುದ್ಧಿ
ಒಂದೇ ಲಾರಿಯಿಂದ ಮನೆ ಸಾಮಾನುಗಳನ್ನು ಊರಿಂದೂರಿಗೆ ಸಾಗಿಸುವ ಉದ್ಯೋಗ ಹೂಡಿದವನು ಎರಡನೆಯದನ್ನು ಬಯಸಿದರೆ ಅದು ಆಸೆಯೋ, ಕಾಯಕದ ವಿಸ್ತಾರವೋ? ಬೆಳೆಯುವುದು ದೋಷವಲ್ಲ. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಮೊದಲುಗೊಂಡ ವಿಜಯ ಸಂಕೇಶ್ವರರ ಸಾಗಣೆಯ ಉದ್ಯಮವನ್ನು ನಾಡೆಲ್ಲ ಬಲ್ಲದು. ಆದರೆ ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವನ್ನು ಇಲ್ಲಿ ನೆನೆಯಬೇಕು. ಪತಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆ ಮಹಾತಾಯಿ ಹೇಳಿದಳು. ಆಕೆ ತಡೆದುದು ಕಾಯಕವನ್ನಲ್ಲ, ಅಗತ್ಯವನ್ನು ಮೀರಿದ ಸಂಗ್ರಹವನ್ನು.

ಈ ವೃತ್ತಿಯಲ್ಲಿ ಆ ಹೆಚ್ಚಿನ ಅಕ್ಕಿ ಯಾವುದು? ಕಡಿಮೆ ಬಾಡಿಗೆ ಹೇಳಿ ಒಪ್ಪಿಸಿ, ಸಾಮಾನೆಲ್ಲ ಲಾರಿಗೇರಿದ ಬಳಿಕ ಮತ್ತಷ್ಟು ಕೇಳುವುದು. ಕೊಡದಿದ್ದರೆ ಇಳಿಸೆನೆಂದು ಬೀದಿಯಲ್ಲಿ ನಿಲ್ಲಿಸುವುದು. ಪೂಜಾ ಸಾಮಗ್ರಿ, ತೊಟ್ಟಿಲು, ಮಕ್ಕಳ ಪುಸ್ತಕಗಳೆಲ್ಲ ಪರರ ಕೈಯಲ್ಲಿರುವಾಗ ಗೃಹಿಣಿಯು ಏನು ತಾನೆ ವಾದಿಸಿಯಾಳು? ಇಂತಹ ಹಣದಿಂದ ಕೊಂಡ ಲಾರಿಗೆ ವಿಭೂತಿ ಬಳಿದರೇನು ಫಲ!

ಸಾಮಾನುಗಳ ಪಟ್ಟಿಯನ್ನೂ ಬಾಡಿಗೆಯನ್ನೂ ಮೊದಲೇ ಬರೆದು ಒಂದು ಪ್ರತಿಯನ್ನು ಗೃಹಸ್ಥನಿಗೆ ಕೊಡುವವನು ನಿಧಾನವಾಗಿ ಬೆಳೆದಾನು. ಆದರೆ ಒಮ್ಮೆ ಕರೆದವರೇ ತಮ್ಮ ನೆಂಟರಿಗೆ ಅವನ ಹೆಸರನ್ನು ಹೇಳುವರು. ಸರಕು ನಷ್ಟವಾದರೆ ಸಾಗಿಸಿದವನ ಅಲಕ್ಷ್ಯವನ್ನು ಕಳೆದುಕೊಂಡವನು ರುಜುಪಡಿಸಬೇಕಿಲ್ಲವೆಂದು 1865ರ ಸಾಗಣೆದಾರರ ಶಾಸನವೇ ಹೇಳಿತ್ತು. ಒಪ್ಪಿಸಿಕೊಂಡವನ ಹೊಣೆ ಅಷ್ಟು ಭಾರವಾದುದು.

ಇನ್ನು ಹಮಾಲರ ಮಾತು. ಕಬ್ಬಿಣದ ಬೀರುವನ್ನು ಬೆನ್ನಿಗೇರಿಸಿ ಮೂರು ಅಂತಸ್ತು ಹತ್ತಿದವನ ಕೂಲಿಯನ್ನು ಲಾರಿಯ ಸಾಲಕ್ಕೆಂದು ತಡೆಹಿಡಿಯುವವರುಂಟು. ಅಂತಹ ಹಣ ದಾಸೋಹಕ್ಕೂ ಸಲ್ಲದು. ಮಾಲೀಕನು ಮೊದಲು ಅವನ ಕೂಲಿಯನ್ನು ಅಂದಂದೇ ಸಲ್ಲಿಸಲಿ, ಆಮೇಲೆ ಕಂತಿನ ಲೆಕ್ಕವನ್ನು ನೋಡಲಿ.