ನಿರ್ವಾಣದ ಅಮಾವಾಸ್ಯೆ



ಕೆಲವು ವರ್ಷಗಳ ಹಿಂದಿನ ಮಾತು. ದೀಪಾವಳಿ ಅಮಾವಾಸ್ಯೆಯ ಪ್ರಾತಃಕಾಲ ಬಸದಿಯಲ್ಲಿ ನಿರ್ವಾಣಪೂಜೆಯನ್ನು ಮುಗಿಸಿ ಮನೆಗೆ ಮರಳುತ್ತಿದ್ದೆವು. ಜೊತೆಯಲ್ಲಿದ್ದ ಮೊಮ್ಮಗ ಕೇಳಿದನು: “ಅಜ್ಜಾ, ಮಹಾವೀರಸ್ವಾಮಿ ಲೋಕವನ್ನು ಬಿಟ್ಟು ಹೋದ ದಿನವಲ್ಲವೇ ಇದು? ಅಜ್ಜಿ ತೀರಿಕೊಂಡಾಗ ನೀವು ಅತ್ತಿರಿ. ಇಂದು ಲಾಡು ಏಕೆ ಅರ್ಪಿಸಿದಿರಿ?” ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಅಂದು ಹೇಳಲಾರದೆ ಹೋದುದನ್ನು ಇಂದು ನಿಮ್ಮ ಮುಂದೆ ನಿವೇದಿಸುತ್ತೇನೆ.

ಮೊದಲು ತಿಥಿಯ ವಿಚಾರ. ಉತ್ತರದ ಗ್ರಂಥಗಳು ಇದನ್ನು ಕಾರ್ತಿಕ ಕೃಷ್ಣ ಅಮಾವಾಸ್ಯೆ ಎನ್ನುತ್ತವೆ. ನಮ್ಮ ಪಂಚಾಂಗ ಆಶ್ವಯುಜ ಬಹುಳ ಅಮಾವಾಸ್ಯೆ ಎನ್ನುತ್ತದೆ. ಅವರ ಮಾಸ ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಹೆಸರು ಎರಡು, ದಿನ ಒಂದೇ. ಕ್ರಿ. ಪೂ. 527ರಲ್ಲಿ, ಈ ದಿನದ ಪ್ರತ್ಯೂಷಕಾಲದಲ್ಲಿ, ಸ್ವಾತಿ ನಕ್ಷತ್ರದಲ್ಲಿ, ಪಾವಾಪುರಿಯಲ್ಲಿ ವರ್ಧಮಾನ ಜಿನೇಂದ್ರರು ನಿರ್ವಾಣ ಹೊಂದಿದರು. ಮರುದಿನದಿಂದ ವೀರನಿರ್ವಾಣ ಸಂವತ್ಸರದ ಗಣನೆ. 1974ರಲ್ಲಿ ದೇಶವೆಲ್ಲ 2500ನೆಯ ನಿರ್ವಾಣೋತ್ಸವವನ್ನು ಆಚರಿಸಿದಾಗ ನಾನಿನ್ನೂ ವಿದ್ಯಾರ್ಥಿ.

ಅದೇ ಅಮಾವಾಸ್ಯೆಯ ಸಂಜೆ ಇನ್ನೊಂದು ಘಟನೆ ನಡೆಯಿತು. ಗೌತಮ ಗಣಧರರಿಗೆ ಕೇವಲಜ್ಞಾನ ಉದಯಿಸಿತು. ಸುಮಾರು 30 ವರ್ಷ ಭಗವಂತರ ದಿವ್ಯಧ್ವನಿಯನ್ನು ಆಲಿಸಿ ದ್ವಾದಶಾಂಗಗಳನ್ನು ರಚಿಸಿದ ಮಹಾತ್ಮರು ಅವರು. ಬೆಳಿಗ್ಗೆ ಗುರುಗಳು ಸಿದ್ಧಶಿಲೆಗೆ ತೆರಳಿದರು. ಸೂರ್ಯಾಸ್ತದ ಹೊತ್ತಿಗೆ ಶಿಷ್ಯರು ಸರ್ವಜ್ಞರಾದರು. ಗೌತಮರು ಮುಕ್ತರಾದ ದಿನವೇ ಸುಧರ್ಮಾಚಾರ್ಯರಿಗೆ, ಸುಧರ್ಮರು ಮುಕ್ತರಾದ ದಿನವೇ ಜಂಬೂಸ್ವಾಮಿಗಳಿಗೆ ಕೇವಲಜ್ಞಾನವಾಯಿತೆಂದು ನಮ್ಮ ಆಚಾರ್ಯಪರಂಪರೆ ಹೇಳುತ್ತದೆ. ಹೀಗೆ 62 ವರ್ಷ ಕೇವಲಿಗಳ ಪರಂಪರೆ ಒಂದು ದಿನವೂ ಕಡಿಯಲಿಲ್ಲ. ದೀಪದಿಂದ ದೀಪ ಹತ್ತಿತು.

ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ, ಎಂದರೆ ಕ್ರಿ. ಶ. 783ರಲ್ಲಿ, ಮುಗಿಸಿದ ಹರಿವಂಶಪುರಾಣದಲ್ಲಿ ದೇವತೆಗಳು ಪಾವಾನಗರಿಯಲ್ಲಿ ದೀಪಗಳನ್ನು ಬೆಳಗಿದರೆಂದೂ, ಅಂದಿನಿಂದ ಜನರು ವರ್ಷವರ್ಷವೂ ದೀಪಾಲಿಕೆಯನ್ನು ಆಚರಿಸುತ್ತಾರೆಂದೂ ಬರೆದಿದ್ದಾರೆ. ಆ ಸಂಘಕ್ಕೆ ಹೆಸರು ಕೊಟ್ಟ ಪುನ್ನಾಟ ನಮ್ಮ ಕನ್ನಡನಾಡಿನ ದಕ್ಷಿಣ ಭಾಗದ ಪ್ರಾಚೀನ ದೇಶ.

ಇನ್ನು ಉಪವಾಸದ ಮಾತು. ನಿರ್ವಾಣಕ್ಕೆ ಮುನ್ನ ಭಗವಂತರು ಎರಡು ದಿನ ಯೋಗನಿರೋಧ ಮಾಡಿದರು. ಕೇವಲಿಗಳಿಗೆ ಕವಲಾಹಾರವೇ ಇಲ್ಲ. ಆದ್ದರಿಂದ ಅವರು ಬಿಟ್ಟದ್ದು ಅನ್ನವನ್ನಲ್ಲ, ಮನ-ವಚನ-ಕಾಯಗಳ ಚಲನೆಯನ್ನು. ಉಪವಾಸದ ಗುರಿ ಎತ್ತ ಎಂಬುದನ್ನು ಇದು ತೋರಿಸುತ್ತದೆ. ಕಷಾಯ, ವಿಷಯ, ಆಹಾರ ಈ ಮೂರನ್ನೂ ಬಿಟ್ಟರೆ ಉಪವಾಸ; ಆಹಾರ ಒಂದನ್ನೇ ಬಿಟ್ಟರೆ ಅದು ಲಂಘನ.

ಇದು ನನಗೆ ತಡವಾಗಿ ತಿಳಿಯಿತು. ಪತ್ನೀವಿಯೋಗವಾದ ವರ್ಷ ಅಷ್ಟಮಿ ಚತುರ್ದಶಿಗಳಲ್ಲಿ ನಾನು ತಪ್ಪದೆ ಉಪವಾಸವಿದ್ದೆ. ಊರಿನವರು ಹೊಗಳಿದರು. ಆದರೆ ಆ ದಿನಗಳಲ್ಲಿ ನಾನು ಸ್ವಾಧ್ಯಾಯಕ್ಕೆ ಕುಳಿತವನಲ್ಲ; ಬರಿದಾದ ಅಡುಗೆಮನೆಯನ್ನು ನೋಡುತ್ತ ಕುಳಿತವನು. ಅದು ಇಷ್ಟವಿಯೋಗದ ಆರ್ತಧ್ಯಾನ. ಹೊಟ್ಟೆ ಹಸಿದಿತ್ತು, ಮೋಹ ಮಾತ್ರ ದಿನವೂ ಉಂಡು ಬೆಳೆಯುತ್ತಿತ್ತು. ಮಗುವಿನ ಪ್ರಶ್ನೆ ಅದನ್ನೇ ಎತ್ತಿ ತೋರಿಸಿತು.

ಆದುದರಿಂದ ಶ್ರಾವಕ-ಶ್ರಾವಿಕೆಯರಲ್ಲಿ ನನ್ನ ವಿನಂತಿ. ಚತುರ್ದಶಿಯಂದು ನಾಡೆಲ್ಲ ಎಣ್ಣೆಸ್ನಾನ, ಹಬ್ಬದಡುಗೆಗಳಲ್ಲಿ ತೊಡಗಿರುತ್ತದೆ. ಆ ದಿನವೇ ನಮ್ಮ ಪರ್ವದಿನ. ಶಕ್ತಿಯುಳ್ಳವರು ತ್ರಯೋದಶಿ ಏಕಭುಕ್ತ, ಚತುರ್ದಶಿ ಉಪವಾಸ, ಅಮಾವಾಸ್ಯೆಯ ನಿರ್ವಾಣಪೂಜೆಯ ನಂತರ ಪಾರಣೆ ಮತ್ತು ಏಕಭುಕ್ತ, ಹೀಗೆ ಪ್ರೋಷಧೋಪವಾಸವನ್ನು ಕೈಕೊಳ್ಳಿರಿ. ವೃದ್ಧರು, ರೋಗಿಗಳು, ಗರ್ಭಿಣಿಯರು ಶಕ್ತಿಮೀರಬೇಡಿರಿ. ರಾತ್ರಿಭೋಜನವನ್ನು ಬಿಟ್ಟು, ಒಂದು ಗಳಿಗೆ ಸಾಮಾಯಿಕ ಮಾಡಿದರೂ ಅದು ವ್ರತವೇ. ಅಹಿಂಸೆಯ ನಾಯಕರ ನಿರ್ವಾಣದಿನದಂದು ಪಟಾಕಿಯ ಬೆಂಕಿಯಲ್ಲಿ ಹುಳುಹುಪ್ಪಟೆಗಳು ಬೇಯದಿರಲಿ. ಸಂಜೆ ಹಚ್ಚುವ ದೀಪ ಗೌತಮಸ್ವಾಮಿಗಳ ಜ್ಞಾನದ ನೆನಪೆಂದು ಮಕ್ಕಳಿಗೆ ತಿಳಿಸಿರಿ.

ಈಗ ಮೊಮ್ಮಗನಿಗೆ ಉತ್ತರ. ಮಗು, ಅರ್ಪಿಸಿದ ಲಾಡು ನಿರ್ಮಾಲ್ಯ; ಅದನ್ನು ನಾವು ಮತ್ತೆ ತಿನ್ನುವುದಿಲ್ಲ. ನಾಲಗೆಗೆ ಅತಿ ಪ್ರಿಯವಾದುದನ್ನು ಆ ದಿನ ಕೈಯಾರೆ ಬಿಡುತ್ತೇವೆ. ಭಗವಂತರು ಸಾಯಲಿಲ್ಲ, ಹುಟ್ಟುಸಾವುಗಳಿಂದ ಬಿಡುಗಡೆ ಹೊಂದಿದರು, ಅದಕ್ಕೆ ಅಳುವುದುಂಟೇ? ನಿನ್ನ ಅಜ್ಜಿಗಾಗಿ ನಾನು ಅತ್ತದ್ದು ಅವಳ ದುಃಖಕ್ಕಲ್ಲ, ನನ್ನ ಮೋಹಕ್ಕೆ. ಬರುವ ಚತುರ್ದಶಿಯಂದು ನಾನು ಉಪವಾಸ ಮಾಡುವೆನು. ನೀನು ಪಕ್ಕದಲ್ಲಿ ಕುಳಿತು ಣಮೋಕಾರವನ್ನು ಜಪಿಸು.